ಹಳೆಯ ಡೀಸೆಲ್ ಎಂಜಿನ್ನಿನ ಕಂಪ್ರೆಷನ್ ಪರೀಕ್ಷೆ: ಮಾಪಕದ ಮುಳ್ಳನ್ನು ಎಷ್ಟು ನಂಬಬೇಕು?

ಒತ್ತಡದ ಪಾಠಕ್ಕೆ ಉದಾಹರಣೆ ಕೊಡಿ ಎಂದರೆ ನಾವು ಪ್ರಶಿಕ್ಷಣಾರ್ಥಿಗಳು ಪ್ರೆಷರ್ ಕುಕ್ಕರ್, ಸೈಕಲ್ ಪಂಪು, ಬ್ಯಾಗಿನ ಅಗಲವಾದ ಪಟ್ಟಿ ಇವಿಷ್ಟರಲ್ಲೇ ಸುತ್ತುತ್ತಿರುತ್ತೇವೆ. ಅಳತೆಯ ದೋಷಗಳ ಪಾಠವಾದರೆ ವರ್ನಿಯರ್ ಕ್ಯಾಲಿಪರ್ಸ್ ಬಿಟ್ಟು ಆಚೆ ಬರುವುದಿಲ್ಲ. ಈ ಎರಡೂ ವಿಷಯಗಳು ಒಂದೇ ಕಡೆ ಸೇರುವ, ಮೇಲಾಗಿ ಒಂದು ಮನೆಯ ವರ್ಷದ ದುಡಿಮೆಯೇ ಪಣಕ್ಕಿರುವ ಒಂದು ಅಳತೆ ನಮ್ಮ ಊರುಗಳ ಗ್ಯಾರೇಜುಗಳಲ್ಲಿ ದಿನವೂ ನಡೆಯುತ್ತದೆ. ಅದೇ ಡೀಸೆಲ್ ಎಂಜಿನ್ನಿನ ಕಂಪ್ರೆಷನ್ ಪರೀಕ್ಷೆ. ಅದನ್ನು ನಂಬುವಂತೆ ಮಾಡುವುದು ಹೇಗೆ, ತರಗತಿಗೆ ತರುವುದು ಹೇಗೆ ಎಂದು ಇಲ್ಲಿ ವಿವರಿಸುತ್ತೇನೆ.

ಉದಾಹರಣೆಗೆ ಮರ್ಸಿಡಿಸ್ ಬೆಂಜ್ 240 ಡಿ ಕಾರಿನ ಎಂಜಿನ್ ತೆಗೆದುಕೊಳ್ಳೋಣ. ಅದರ ಹೆಸರು ಓಎಂ 616. ನಾಲ್ಕು ಸಿಲಿಂಡರ್, ಒಟ್ಟು ಸುಮಾರು 2.4 ಲೀಟರ್. ಬೆಂಜ್ ಎಂದ ಕೂಡಲೇ ನಮಗೂ ಅದಕ್ಕೂ ದೂರ ಎನ್ನಬೇಡಿ. ಇದೇ ಎಂಜಿನ್ನನ್ನು ಪುಣೆಯ ಬಜಾಜ್ ಟೆಂಪೊ ಕಂಪನಿ, ಅಂದರೆ ಈಗಿನ ಫೋರ್ಸ್ ಮೋಟರ್ಸ್, ಪರವಾನಗಿ ಪಡೆದು ತಯಾರಿಸಿತು. ಹಳ್ಳಿಯ ರಸ್ತೆಗಳಲ್ಲಿ ಹಿಂದೆ ನಾಲ್ಕು ಜನ ನೇತಾಡಿಕೊಂಡು ಹೋಗುವ ಟ್ರ್ಯಾಕ್ಸ್ ಗಾಡಿಯ ಹೊಟ್ಟೆಯಲ್ಲಿರುವುದು ಇದೇ ವಂಶದ ಎಂಜಿನ್.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಮೇಲೇರುತ್ತ ಗಾಳಿಯನ್ನು ಒತ್ತಿ ಕಾಯಿಸುತ್ತದೆ. ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಗಾಳಿ ಸೋರಿದರೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಬಿಸಿಯೂ ಇಳಿಯುತ್ತದೆ, ಬೆಳಗಿನ ಚಳಿಯಲ್ಲಿ ಗಾಡಿ ಬಿಳಿ ಹೊಗೆ ಉಗುಳುತ್ತ ಸ್ಟಾರ್ಟ್ ಆಗದೆ ನಿಲ್ಲುತ್ತದೆ. ಹಾಗಾಗಿ ಕಂಪ್ರೆಷನ್ ಎಂದರೆ ಡೀಸೆಲ್ ಎಂಜಿನ್ನಿನ ಉಸಿರು. ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ 21:1. ಒಂದು ಸಿಲಿಂಡರ್ 600 ಘನ ಸೆಂಟಿಮೀಟರ್ ಗಾಳಿ ಎಳೆದುಕೊಳ್ಳುತ್ತದೆ. ಪಿಸ್ಟನ್ ತುದಿಗೆ ಬಂದಾಗ ಗಾಳಿಗೆ ಉಳಿಯುವ ಜಾಗ ಕೇವಲ 30 ಘನ ಸೆಂಟಿಮೀಟರ್, ಎರಡು ದೊಡ್ಡ ಚಮಚದಷ್ಟು. ಈ 30 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅರ್ಧ ಲೇಖನ ಅದರ ಮೇಲೆಯೇ ನಿಂತಿದೆ.

ಮೊದಲು ಒಂದು ಒಗಟು. ಗಾಳಿಯನ್ನು ಶಾಖ ಹೊರಹೋಗದಂತೆ 21 ಪಟ್ಟು ಒತ್ತಿದರೆ, ಪಿಯುಸಿಯಲ್ಲಿ ಕಲಿತ ಅಡಿಯಾಬ್ಯಾಟಿಕ್ ಸೂತ್ರದ ಪ್ರಕಾರ ಒತ್ತಡ 21ರ 1.4ನೇ ಘಾತದಷ್ಟು, ಎಂದರೆ ಸುಮಾರು 71 ಪಟ್ಟು ಏರಬೇಕು. ಆದರೆ ಬೆಂಜ್ ಕಂಪನಿಯ ರಿಪೇರಿ ಪುಸ್ತಕ ಈ ಎಂಜಿನ್ನಿಗೆ ಹೇಳುವ ಮಾಮೂಲಿ ರೀಡಿಂಗ್ 22ರಿಂದ 24 ಬಾರ್. ಕನಿಷ್ಠ ಸುಮಾರು 15 ಬಾರ್, ಸಿಲಿಂಡರಿಗೂ ಸಿಲಿಂಡರಿಗೂ ವ್ಯತ್ಯಾಸ 3 ಬಾರ್ ಮೀರಬಾರದು. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ಪೌಂಡಿನಲ್ಲಿ ಹೇಳುವುದುಂಟು. ಒಂದು ಬಾರ್ ಎಂದರೆ 14.5 ಪೌಂಡ್, ಹಾಗಾಗಿ 24 ಬಾರ್ ಎಂದರೆ ಹತ್ತಿರ ಹತ್ತಿರ 350. ಉಳಿದ ಒತ್ತಡ ಎಲ್ಲಿ ಹೋಯಿತು?

ಎಂಜಿನ್ ಕೆಟ್ಟಿಲ್ಲ, ಸೂತ್ರವೂ ಸುಳ್ಳಲ್ಲ. ಪರೀಕ್ಷೆ ಮಾಡುವಾಗ ಎಂಜಿನ್ ತನ್ನ ಬಲದಿಂದ ಓಡುವುದಿಲ್ಲ, ಸ್ಟಾರ್ಟರ್ ಮೋಟರ್ ಅದನ್ನು ನಿಮಿಷಕ್ಕೆ ಇನ್ನೂರು ಸುತ್ತಿನ ಆಸುಪಾಸಿನಲ್ಲಿ ತಿರುಗಿಸುತ್ತಿರುತ್ತದೆ. ಆ ವೇಗದಲ್ಲಿ ಪಿಸ್ಟನ್ ಒಮ್ಮೆ ಮೇಲೇರಲು 0.15 ಸೆಕೆಂಡ್ ಬೇಕು. ನಿಮಿಷಕ್ಕೆ 4000 ಸುತ್ತು ಓಡುವಾಗ ಅದೇ ಕೆಲಸ 0.0075 ಸೆಕೆಂಡಿನಲ್ಲಿ ಮುಗಿಯುತ್ತದೆ. ನಿಧಾನವಾದಷ್ಟೂ ಗಾಳಿಯ ಶಾಖ ಸುತ್ತಲಿನ ಲೋಹಕ್ಕೆ ಹೋಗಲು, ಗಾಳಿ ಪಿಸ್ಟನ್ ಉಂಗುರಗಳ ಸಂದಿಯಲ್ಲಿ ಜಾರಿಕೊಳ್ಳಲು ಸಮಯ ಸಿಗುತ್ತದೆ. ಇದರ ಜೊತೆಗೆ ಪಿಸ್ಟನ್ ಮೇಲಕ್ಕೆ ಹೊರಟ ಮೇಲೂ ಸ್ವಲ್ಪ ಹೊತ್ತು ಇನ್‌ಲೆಟ್ ವಾಲ್ವ್ ತೆರೆದೇ ಇರುತ್ತದೆ. ಹಾಗಾಗಿ ನಿಜವಾದ ಒತ್ತುವಿಕೆ ಪುಸ್ತಕದ ಅನುಪಾತಕ್ಕಿಂತ ಕಡಿಮೆ. ಚುರುಕಾದ ವಿದ್ಯಾರ್ಥಿಯೊಬ್ಬ 'ಸರ್, 21 ಪಟ್ಟು ಒತ್ತಿದರೆ 21 ಬಾರ್, ಹಾಗಾದರೆ ಬಾಯ್ಲ್ ನಿಯಮವೇ ಸರಿ' ಎನ್ನಬಹುದು. ಸಂಖ್ಯೆಗಳು ಹತ್ತಿರ ಬಂದದ್ದು ನಷ್ಟಗಳೆಲ್ಲ ಸೇರಿ ಹಾಗೆ ತಂದು ನಿಲ್ಲಿಸಿದ್ದರಿಂದ. ಒಳಗಿನ ಗಾಳಿ ಬಿಸಿಯಾಗದೇ ಇದ್ದಿದ್ದರೆ ಡೀಸೆಲ್ ಹೊತ್ತಿಕೊಳ್ಳುತ್ತಲೇ ಇರಲಿಲ್ಲ. ಈ ತಪ್ಪು ತಿಳಿವಳಿಕೆ ತರಗತಿಯಲ್ಲಿ ತಾನಾಗಿ ಎದ್ದರೆ ಒಳ್ಳೆಯದೇ. ಏಳದಿದ್ದರೆ ನಾವೇ ಎಬ್ಬಿಸಬೇಕು.

ಇದರಿಂದ ಮೊದಲ ಪಾಠ ಸಿಕ್ಕಿತು: ರೀಡಿಂಗ್ ಎಂಬುದು ಎಂಜಿನ್ನಿನ ಗುಣವೊಂದನ್ನೇ ಹೇಳುವುದಿಲ್ಲ. ತಿರುಗಿಸಿದ ವೇಗ, ಎಂಜಿನ್ನಿನ ಬಿಸಿ, ಮಾಪಕದ ರಚನೆ, ಕೊನೆಗೆ ಊರಿನ ಎತ್ತರ, ಇವೆಲ್ಲ ಸೇರಿ ಮುಳ್ಳನ್ನು ಎಳೆಯುತ್ತವೆ.

ಮಾಪಕದಿಂದಲೇ ಶುರುಮಾಡೋಣ. ಪೆಟ್ರೋಲ್ ಎಂಜಿನ್ನಿಗೆ ಬಳಸುವ ಮಾಪಕ ಇಲ್ಲಿ ಸಲ್ಲದು. ಅದರ ಮುಳ್ಳು ತುದಿಗೆ ಹೋಗಿ ಬಡಿಯುತ್ತದೆ. ಡೀಸೆಲ್ಲಿಗೆ 40 ಬಾರ್ ಅಥವಾ ಅದಕ್ಕೂ ಹೆಚ್ಚು ತಡೆಯುವ ಮಾಪಕ ಬೇಕು. ಅದನ್ನು ಗ್ಲೋ ಪ್ಲಗ್ ಬಿಚ್ಚಿದ ತೂತಿಗೆ ಅಥವಾ ಇಂಜೆಕ್ಟರ್ ತೂತಿಗೆ ಸರಿಯಾದ ಅಡಾಪ್ಟರ್ ಮೂಲಕ ತಿರುಗಿಸಿ ಕೂರಿಸುತ್ತಾರೆ. ಮಾಪಕದ ದಾರಿಯಲ್ಲಿ ಒಂದು ಏಕಮುಖ ವಾಲ್ವ್ ಇರುತ್ತದೆ. ಗಾಳಿ ಒಳಹೋಗಬಹುದು, ಹಿಂದೆ ಬರಲಾರದು. ಪ್ರತಿ ಒತ್ತುವಿಕೆಗೂ ಸ್ವಲ್ಪ ಸ್ವಲ್ಪ ಗಾಳಿ ಸೇರಿ, ಮಾಪಕದ ಒತ್ತಡವೂ ಸಿಲಿಂಡರಿನ ಗರಿಷ್ಠ ಒತ್ತಡವೂ ಸಮವಾದಾಗ ಮುಳ್ಳು ನಿಲ್ಲುತ್ತದೆ.

ಈ ಪುಟ್ಟ ವಾಲ್ವ್ ಎಲ್ಲಿದೆ ಎಂಬುದೇ ದೊಡ್ಡ ಪ್ರಶ್ನೆ. ಅದು ಸಿಲಿಂಡರಿನ ಬಾಯಿಗೆ ಹತ್ತಿರವಿದ್ದರೆ, ಆಚೆಗಿನ ನಳಿಕೆ ಎಷ್ಟು ಉದ್ದವಿದ್ದರೂ ಚಿಂತೆಯಿಲ್ಲ. ಮುಳ್ಳು ಏರಲು ನಾಲ್ಕು ಸುತ್ತು ಹೆಚ್ಚು ಬೇಕಾದೀತು ಅಷ್ಟೆ. ಆದರೆ ಅದು ನಳಿಕೆಯ ಇನ್ನೊಂದು ತುದಿಯಲ್ಲಿ, ಮಾಪಕದ ಬುಡದಲ್ಲಿದ್ದರೆ, ನಡುವಿನ ನಳಿಕೆಯೆಲ್ಲ ಸಿಲಿಂಡರಿನದೇ ಭಾಗವಾಗಿಬಿಡುತ್ತದೆ. 30 ಸೆಂಟಿಮೀಟರ್ ಉದ್ದದ, ಒಳವ್ಯಾಸ 4 ಮಿಲಿಮೀಟರ್ ಇರುವ ನಳಿಕೆಯ ಗಾತ್ರ ಸುಮಾರು 3.8 ಘನ ಸೆಂಟಿಮೀಟರ್. ಕೇಳಲು ಏನೂ ಅಲ್ಲ. ಆದರೆ ನಮ್ಮ 30ಕ್ಕೆ ಅದನ್ನು ಸೇರಿಸಿ ನೋಡಿ: ಅನುಪಾತ 21ರಿಂದ 19ಕ್ಕೂ ಕೆಳಗೆ ಬೀಳುತ್ತದೆ. ಅಲ್ಲಿಗೆ ರೀಡಿಂಗಿನ ಹತ್ತನೇ ಒಂದು ಭಾಗ ಹೋಯಿತು. ಎಂಜಿನ್ ಸರಿಯಿದ್ದರೂ ಮಾಪಕ 'ಸವೆದಿದೆ' ಎಂದು ಹೇಳುತ್ತದೆ.

ಇದನ್ನು ತರಗತಿಯಲ್ಲಿ ತೋರಿಸಲು ಎಂಜಿನ್ ಬೇಡ. ಸೂಜಿಯಿಲ್ಲದ 20 ಮಿಲಿಲೀಟರ್ ಸಿರಿಂಜಿನ ಬಾಯಿಯನ್ನು ಬೆರಳಿಂದ ಮುಚ್ಚಿ, ದಟ್ಟೆಯನ್ನು 10ರ ಗುರುತಿಗೆ ತನ್ನಿ. ಆಮೇಲೆ ಅದೇ ಸಿರಿಂಜಿಗೆ ಒಂದು ಮೀಟರ್ ಹೊಸ ಡ್ರಿಪ್ ನಳಿಕೆ ಸಿಕ್ಕಿಸಿ, ನಳಿಕೆಯ ತುದಿ ಮುಚ್ಚಿ, ಮತ್ತೆ 10ಕ್ಕೆ ತನ್ನಿ. ಎರಡನೆಯ ಸಲ ಬೆರಳಿಗೆ ಕಡಿಮೆ ಬಲ ಸಾಕೆಂದು ಮಕ್ಕಳಿಗೆ ತಾವೇ ಒತ್ತಿದಾಗ ತಿಳಿಯುತ್ತದೆ. ಬೋಧನೋಪಕರಣದ ಖರ್ಚು ಇಪ್ಪತ್ತು ಮೂವತ್ತು ರೂಪಾಯಿ.

ಇನ್ನು ಪರೀಕ್ಷೆಯ ಪೂರ್ವಸಿದ್ಧತೆ. ಅಳತೆಯ ಅರ್ಧ ಸತ್ಯ ಇಲ್ಲಿದೆ. ಎಂಜಿನ್ ಓಡುವ ಸ್ಥಿತಿಯಲ್ಲಿದ್ದರೆ ನೀರು 80 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಓಡಿಸಿ ಬಿಸಿಮಾಡಬೇಕು. ಲೋಹಗಳು ಹಿಗ್ಗಿ, ಆಯಿಲ್ ಎಲ್ಲ ಕಡೆ ಹರಡಿ, ಸಂದುಗಳೆಲ್ಲ ಕೆಲಸದ ಅಳತೆಗೆ ಬಂದಿರುತ್ತವೆ. ಅದಕ್ಕೂ ಮೊದಲು, ಎಂಜಿನ್ ತಣ್ಣಗಿರುವಾಗಲೇ, ವಾಲ್ವ್ ಸಂದು ನೋಡಬೇಕು. ಈ ಎಂಜಿನ್ನಿಗೆ ತಣ್ಣಗಿದ್ದಾಗ ಇನ್‌ಲೆಟ್ 0.10, ಎಕ್ಸಾಸ್ಟ್ 0.30 ಮಿಲಿಮೀಟರ್. ಹಳೆಯ ಎಂಜಿನ್ನಿನಲ್ಲಿ ವಾಲ್ವ್ ತನ್ನ ಪೀಠದಲ್ಲಿ ನಿಧಾನವಾಗಿ ಸವೆದು ಒಳಸರಿಯುತ್ತ, ಈ ಸಂದು ಸದ್ದಿಲ್ಲದೆ ಕಿರಿದಾಗುತ್ತದೆ. ಸಂದು ಮುಗಿದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಗಾಳಿ ಸೋರುತ್ತದೆ. ಒಂದು ಸ್ಪ್ಯಾನರ್ ತಿರುಗಿಸಿ ಸರಿಮಾಡಬಹುದಾದ ಈ ಸೋರಿಕೆ ಮಾಪಕದ ಮೇಲೆ ಪಿಸ್ಟನ್ ಉಂಗುರ ಸವೆದಂತೆಯೇ ಕಾಣುತ್ತದೆ.

ಏರ್ ಫಿಲ್ಟರ್ ತೆಗೆದಿಡಬೇಕು. ಕೆಲವು ಹಳೆಯ ಡೀಸೆಲ್‌ಗಳಲ್ಲಿ ಗಾಳಿಯ ದಾರಿಗೆ ಅಡ್ಡವಾಗಿ ಚಿಟ್ಟೆ ವಾಲ್ವ್ ಇರುತ್ತದೆ, ಅಂಥವುಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಬೇಕು. ಎಲ್ಲ ಗ್ಲೋ ಪ್ಲಗ್‌ಗಳನ್ನೂ ಬಿಚ್ಚಬೇಕು, ಅವುಗಳ ವಿದ್ಯುತ್ ತಂತಿ ಎಲ್ಲಿಯೂ ತಗಲದಂತೆ ಕಟ್ಟಬೇಕು. ಆ ತೂತುಗಳಲ್ಲಿ ಇದ್ದಿಲಿನಂಥ ಕಾರ್ಬನ್ ಗಟ್ಟಿಯಾಗಿ ಕೂತಿರುತ್ತದೆ. ಮಾಪಕ ಜೋಡಿಸುವ ಮುಂಚೆ ಕೆಲವು ಸುತ್ತು ಎಂಜಿನ್ ತಿರುಗಿಸಿ ಅದನ್ನು ಹೊರಗೆ ಊದಿಸದಿದ್ದರೆ, ಒಂದು ಕಣ ಹೋಗಿ ಮಾಪಕದ ಏಕಮುಖ ವಾಲ್ವಿನಲ್ಲಿ ಕೂತು ಅದನ್ನೇ ಸೋರುವಂತೆ ಮಾಡುತ್ತದೆ. ಆಗ ಮುಳ್ಳು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಮುಳ್ಳು ನಿಲ್ಲದ ಮಾಪಕದಲ್ಲಿ ಓದಿದ ಯಾವ ಸಂಖ್ಯೆಯನ್ನೂ ಬರೆದುಕೊಳ್ಳಬಾರದು.

ಡೀಸೆಲ್ ಬರುವುದನ್ನು ನಿಲ್ಲಿಸುವುದು ಎಲ್ಲಕ್ಕಿಂತ ಮುಖ್ಯ. ಇಂಜೆಕ್ಷನ್ ಪಂಪಿನ ನಿಲುಗಡೆ ಲಿವರನ್ನು ನಿಲ್ಲಿಸುವ ಕಡೆಗೇ ಹಿಡಿದಿರಬೇಕು. ಮಾಪಕ ಕೂತ ಸಿಲಿಂಡರಿನಲ್ಲಿ ಡೀಸೆಲ್ ಹೊತ್ತಿಕೊಂಡರೆ ಮಾಪಕ ಸಿಡಿಯಬಹುದು. 1893ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ತನ್ನ ಮೊದಲ ಎಂಜಿನ್ನಿಗೆ ಇಂಧನ ಕೊಟ್ಟಾಗ ಸಿಡಿದದ್ದೂ ಒತ್ತಡ ಅಳೆಯುವ ಉಪಕರಣವೇ. ಇಂಜೆಕ್ಟರಿನ ಸೂಕ್ಷ್ಮ ಧಾರೆ ಚರ್ಮವನ್ನು ತೂರಿ ಒಳಹೋಗಬಲ್ಲದು ಎಂಬುದನ್ನೂ ಹೇಳಲೇಬೇಕು. ಆದ್ದರಿಂದ ಈ ಪರೀಕ್ಷೆಯನ್ನು ಮಕ್ಕಳಿಂದ ಮಾಡಿಸುವ ಮಾತೇ ಇಲ್ಲ. ಅನುಭವಿ ಮೆಕ್ಯಾನಿಕ್ ಮಾಡಬೇಕು, ನಾವು ದೂರದಲ್ಲಿ ನಿಂತು ಬರೆದುಕೊಳ್ಳಬೇಕು.

ಬ್ಯಾಟರಿಯ ಮಾತನ್ನು ಬೇಕೆಂದೇ ಕೊನೆಗೆ ಉಳಿಸಿದ್ದೇನೆ, ಏಕೆಂದರೆ ಅದರ ಕಥೆ ನಮ್ಮ ಮನೆಯದು. ನಮ್ಮ ಚಿಕ್ಕಪ್ಪನ ಟ್ರ್ಯಾಕ್ಸ್ ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಓಡುತ್ತದೆ. ಬೆಳಿಗ್ಗೆ ಶಾಲೆಯ ಮಕ್ಕಳು, ಸಂತೆಯ ದಿನ ತರಕಾರಿ ಮೂಟೆ. ಕಳೆದ ಚಳಿಗಾಲದಲ್ಲಿ ಬೆಳಗಿನ ಹೊತ್ತು ಸ್ಟಾರ್ಟ್ ಆಗಲು ತಕರಾರು ಮಾಡತೊಡಗಿತು. ಒಂದು ಗ್ಯಾರೇಜಿನಲ್ಲಿ ಕಂಪ್ರೆಷನ್ ಅಳೆದು ಚೀಟಿ ಕೊಟ್ಟರು: ಒಂದನೆಯ ಸಿಲಿಂಡರ್ 18.5, ಎರಡನೆಯದು 17.5, ಮೂರನೆಯದು 16, ನಾಲ್ಕನೆಯದು 13. ನಾಲ್ಕನೆಯದು ಸತ್ತಿದೆ, ಪೂರ್ತಿ ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು ಎಂಬ ತೀರ್ಪು. ಚಿಕ್ಕಪ್ಪ ಸಹಕಾರ ಸಂಘದಲ್ಲಿ ಸಾಲದ ಅರ್ಜಿಯನ್ನೂ ತಂದಿದ್ದರು. ಗಾಡಿ ಒಂದು ತಿಂಗಳು ನಿಂತರೆ ಆ ಮಾರ್ಗದಲ್ಲಿ ಬೇರೆಯವರ ಗಾಡಿ ಓಡುತ್ತದೆ. ಆಮೇಲೆ ಪ್ರಯಾಣಿಕರು ತಿರುಗಿ ಬರುವರೆಂಬ ಖಾತರಿಯಿಲ್ಲ.

ಆ ನಾಲ್ಕು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. 18.5, 17.5, 16, 13: ಒಂದರ ಹಿಂದೊಂದು ಮೆಟ್ಟಿಲು ಇಳಿದಂತಿವೆ. ಅಳೆದದ್ದೂ ಅದೇ ಕ್ರಮದಲ್ಲಿ, ಎಂಜಿನ್ ತಣ್ಣಗಿದ್ದಾಗ, ಗಾಡಿಯದೇ ಮುದಿ ಬ್ಯಾಟರಿಯಿಂದ. ಪ್ರತಿ ಸಿಲಿಂಡರ್ ಅಳೆಯುವಾಗಲೂ ಸ್ಟಾರ್ಟರ್ ಮೋಟರ್ ಬ್ಯಾಟರಿಯನ್ನು ಹೀರುತ್ತದೆ. ನಾಲ್ಕನೆಯದರ ಸರದಿ ಬರುವಷ್ಟರಲ್ಲಿ ಎಂಜಿನ್ ತೂಕಡಿಸುತ್ತ ತಿರುಗುತ್ತಿರುತ್ತದೆ. ನಿಧಾನವಾದಷ್ಟೂ ಸೋರಿಕೆ ಹೆಚ್ಚು, ರೀಡಿಂಗ್ ಕಡಿಮೆ. ಸವೆತ ಹೀಗೆ ಸಾಲು ಹಿಡಿದು ಬರುವುದು ಅಪರೂಪ. ಅಳತೆಯ ಕ್ರಮಕ್ಕೆ ಹೊಂದಿಕೊಂಡು ಇಳಿಯುವ ಸಂಖ್ಯೆ ಕಂಡರೆ ಮೊದಲು ಅಳತೆಯನ್ನೇ ಶಂಕಿಸಬೇಕು.

ಇನ್ನೊಬ್ಬ ಮೆಕ್ಯಾನಿಕ್ ಮತ್ತೆ ಅಳೆಯಲು ಒಪ್ಪಿದರು. ಎಂಜಿನ್ ಬಿಸಿಮಾಡಿ, ಲಾರಿಯೊಂದರ ಒಳ್ಳೆಯ 12 ವೋಲ್ಟ್ ಬ್ಯಾಟರಿಯನ್ನು ಜೊತೆಗೆ ಕೊಟ್ಟು, ಫಿಲ್ಟರ್ ತೆಗೆದು, ಈ ಸಲ ನಾಲ್ಕನೆಯದರಿಂದ ಹಿಂದಕ್ಕೆ ಅಳೆದರು: ನಾಲ್ಕು 16, ಮೂರು 18, ಎರಡು 18.5, ಒಂದು 19. ಮತ್ತೆ ನಾಲ್ಕನೆಯದಕ್ಕೆ ಬಂದರೆ ಅದೇ 16. ಅಂದರೆ ಬ್ಯಾಟರಿ ಕುಸಿದಿಲ್ಲ, ಅಳತೆ ಗಟ್ಟಿಯಿದೆ, ನಾಲ್ಕನೆಯದು ನಿಜಕ್ಕೂ ತುಸು ಹಿಂದಿದೆ. ರಾತ್ರಿ ತಣ್ಣಗಾಗಲು ಬಿಟ್ಟು ಬೆಳಿಗ್ಗೆ ವಾಲ್ವ್ ಸಂದು ನೋಡಿದಾಗ ನಾಲ್ಕನೆಯದರ ಎಕ್ಸಾಸ್ಟ್ ವಾಲ್ವಿಗೆ ತೆಳು ಗೇಜು ಕೂಡ ತೂರಲಿಲ್ಲ. ಸಂದು ಸರಿಮಾಡಿ, ಬಿಸಿಮಾಡಿ, ಮೂರನೆಯ ಸಲ ಅಳೆದಾಗ: ನಾಲ್ಕು 18, ಮೂರು 18.5, ಎರಡು 18.5, ಒಂದು 19. ಗ್ಲೋ ಪ್ಲಗ್‌ಗಳಲ್ಲಿ ಎರಡು ಸುಟ್ಟಿದ್ದವು. ಬೆಳಗಿನ ತಕರಾರಿನ ದೊಡ್ಡ ಪಾಲು ಅವುಗಳದೇ. ಗಾಡಿ ಹೊಸದಾಗಲಿಲ್ಲ, ಈಗಲೂ ಆಯಿಲ್ ಕುಡಿಯುತ್ತದೆ. ಬೋರ್ ಮಾಡಿಸುವ ದಿನ ಮುಂದೆ ಬಂದೇ ಬರುತ್ತದೆ. ಆದರೆ ಅದು ಚಿಕ್ಕಪ್ಪ ಆರಿಸಿಕೊಳ್ಳುವ ದಿನವಾಗಿರುತ್ತದೆ, ಶಾಲೆಗೆ ರಜೆಯಿರುವ ಬೇಸಿಗೆಯಲ್ಲಿ.

ಸಂಖ್ಯೆ ಬರೆದುಕೊಳ್ಳುವ ರೀತಿಯ ಬಗ್ಗೆ ಎರಡು ಮಾತು. ಪ್ರತಿ ಸಿಲಿಂಡರಿಗೂ ಒಂದೇ ಎಣಿಕೆಯ ಒತ್ತುವಿಕೆ ಕೊಡಬೇಕು. ಎಂಟು ಅಥವಾ ಹತ್ತು, ಯಾವುದಾದರೂ ಸರಿ, ಎಲ್ಲದಕ್ಕೂ ಒಂದೇ. ಕೊನೆಯ ಸಂಖ್ಯೆಯಂತೆಯೇ ಮೊದಲ ನೆಗೆತವನ್ನೂ ಬರೆಯಬೇಕು. ಮೊದಲ ನೆಗೆತ ಸಣ್ಣದಿದ್ದು ಆಮೇಲೆ ಮೆಲ್ಲಗೆ ಏರಿದರೆ ಉಂಗುರಗಳ ಕಡೆಗೆ ಅನುಮಾನ, ಮೊದಲೂ ಸಣ್ಣದು ಕೊನೆಗೂ ಸಣ್ಣದಾದರೆ ವಾಲ್ವಿನ ಕಡೆಗೆ. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ನೋಡಬೇಕು.

ಈಗ ಊರಿನ ಎತ್ತರ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗವಿದು. ಪುಸ್ತಕದ 24 ಬಾರ್ ಎಂಬುದನ್ನು ಸಮುದ್ರಮಟ್ಟದ ಗಾಳಿಗೆ ಹೇಳಿದ್ದೆಂದು ಇಟ್ಟುಕೊಳ್ಳಿ. ಮಂಗಳೂರಿನಲ್ಲಿ ವಾತಾವರಣದ ಒತ್ತಡ ಸುಮಾರು 1.01 ಬಾರ್. ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಸುಮಾರು 0.91. ಎಂಜಿನ್ ಒಂದೇ, ಆದರೆ ಅದು ಒಳಗೆ ಎಳೆದುಕೊಳ್ಳುವ ಗಾಳಿಯೇ ಹತ್ತನೇ ಒಂದು ಭಾಗ ತೆಳು. ಮಾಪಕ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ, ಆದ್ದರಿಂದ ಮೊದಲು ವಾತಾವರಣವನ್ನು ಕೂಡಿಸಿ, ಅನುಪಾತ ಮಾಡಿ, ಮತ್ತೆ ಕಳೆಯಬೇಕು. ಲೆಕ್ಕ ಮಾಡಿದರೆ ಮಂಗಳೂರಿನ 24 ಬೆಂಗಳೂರಿನಲ್ಲಿ 21.6 ಆಗುತ್ತದೆ, ಕನಿಷ್ಠ ಮಿತಿಯಾದ 15 ಸುಮಾರು 13.5 ಆಗುತ್ತದೆ. ಚಿಕ್ಕಪ್ಪನ ಊರೂ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ ಎತ್ತರ. ಅಲ್ಲಿ ಓದಿದ 19, ಕರಾವಳಿಯಲ್ಲಾದರೆ 21. ಘಟ್ಟದ ಮೇಲಿನ ಎಷ್ಟು ಎಂಜಿನ್ನುಗಳು ಘಟ್ಟದ ಕೆಳಗಿನ ಅಳತೆಗೋಲಿನಿಂದ ಬೈಸಿಕೊಂಡಿವೆಯೋ!

ಎಣ್ಣೆ ಹಾಕಿ ನೋಡುವ ಪರೀಕ್ಷೆಯ ಬಗ್ಗೆ ಎಚ್ಚರ ಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ರೀಡಿಂಗ್ ಕಡಿಮೆ ಬಂದರೆ ಸಿಲಿಂಡರಿಗೆ ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಏರಿದರೆ ಉಂಗುರ, ಏರದಿದ್ದರೆ ವಾಲ್ವ್. ಡೀಸೆಲ್ಲಿನಲ್ಲಿ ಇದೇ ತರ್ಕ ಮೋಸಮಾಡುತ್ತದೆ. 30 ಘನ ಸೆಂಟಿಮೀಟರ್ ಜಾಗದಲ್ಲಿ 5 ಘನ ಸೆಂಟಿಮೀಟರ್ ಆಯಿಲ್ ಕೂತರೆ ಗಾಳಿಗೆ ಉಳಿಯುವುದು 25. ಅನುಪಾತ 21ರಿಂದ 25ಕ್ಕೆ ನೆಗೆಯುತ್ತದೆ. ಉಂಗುರ ಚೆನ್ನಾಗಿದ್ದರೂ ಮುಳ್ಳು ಏರುತ್ತದೆ, 'ಉಂಗುರ ಹೋಗಿದೆ' ಎಂದು ತಪ್ಪಾಗಿ ಓದುತ್ತೇವೆ. ಮೇಲಾಗಿ ಆಯಿಲ್ ಕೂಡ ಇಂಧನವೇ, ಬಿಸಿ ಎಂಜಿನ್ನಿನಲ್ಲಿ ಹೊತ್ತಿಕೊಳ್ಳಬಹುದು. ಜಾಸ್ತಿ ಸುರಿದರೆ ಒತ್ತಲಾಗದ ದ್ರವ ಪಿಸ್ಟನ್ನಿಗೆ ಅಡ್ಡ ನಿಂತು ಕನೆಕ್ಟಿಂಗ್ ರಾಡನ್ನೇ ಬಗ್ಗಿಸಬಹುದು. ಅದರ ಬದಲು ಪಿಸ್ಟನ್ನನ್ನು ಎರಡೂ ವಾಲ್ವ್ ಮುಚ್ಚಿರುವ ತುದಿಗೆ ತಂದು, ಎಂಜಿನ್ ತಿರುಗದಂತೆ ಭದ್ರಪಡಿಸಿ, ಹೊರಗಿನಿಂದ ಗಾಳಿ ತುಂಬಿ ಕಿವಿಗೊಡುವುದು ಮೇಲು. ಆಯಿಲ್ ಹಾಕುವ ಬಾಯಲ್ಲಿ ಬುಸ್ ಎಂದರೆ ಉಂಗುರ, ಸೈಲೆನ್ಸರಿನಲ್ಲಿ ಎಂದರೆ ಎಕ್ಸಾಸ್ಟ್ ವಾಲ್ವ್, ಫಿಲ್ಟರಿನ ದಾರಿಯಲ್ಲಿ ಎಂದರೆ ಇನ್‌ಲೆಟ್ ವಾಲ್ವ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು.

ಬೋಧನಾಭ್ಯಾಸದ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಇದನ್ನು ಒಂದು ಅವಧಿಯ ಚಟುವಟಿಕೆಯಾಗಿ ಮಾಡಿದೆ. ಮೂರು ಸಲದ ರೀಡಿಂಗ್‌ಗಳನ್ನು ಮೂರು ಕಾರ್ಡುಗಳಲ್ಲಿ ಬರೆದು, ಯಾವ ಕ್ರಮದಲ್ಲಿ, ಯಾವ ಸ್ಥಿತಿಯಲ್ಲಿ ಅಳೆದದ್ದೆಂಬುದನ್ನು ಬೇರೆ ಚೀಟಿಗಳಲ್ಲಿ ಇಟ್ಟೆ. ಗುಂಪುಗಳು ಮೊದಲು ಸಂಖ್ಯೆ ಮಾತ್ರ ನೋಡಿ ಎಂಜಿನ್ ಬಿಚ್ಚಬೇಕೋ ಬೇಡವೋ ಎಂದು ತೀರ್ಮಾನಿಸಬೇಕು, ಆಮೇಲೆ ಚೀಟಿ ತೆರೆಯಬೇಕು. ಆರು ಗುಂಪುಗಳಲ್ಲಿ ಐದು ಮೊದಲ ಕಾರ್ಡ್ ನೋಡಿ 'ಬಿಚ್ಚಬೇಕು' ಎಂದವು. ಆರನೆಯ ಗುಂಪಿನ ಹುಡುಗಿಯೊಬ್ಬಳು, ಮನೆಯಲ್ಲಿ ಪಂಪ್‌ಸೆಟ್ ರಿಪೇರಿ ನೋಡಿದ್ದವಳು, ಚೀಟಿ ತೆರೆಯುವ ಮುಂಚೆಯೇ 'ಮೊದಲು ಯಾವುದು ಅಳೆದರು ಸರ್?' ಎಂದು ಕೇಳಿದಳು. ಯಾದೃಚ್ಛಿಕ ದೋಷ, ವ್ಯವಸ್ಥಿತ ದೋಷ ಎಂಬ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆಯಲು ನನಗೆ ಅದಕ್ಕಿಂತ ಒಳ್ಳೆಯ ಸಮಯ ಬೇಕಿರಲಿಲ್ಲ. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ಸಮಯ ನಿರ್ವಹಣೆಯಲ್ಲಿ ಅಂಕ ಕಳೆದರು, ಗಂಟೆ ಹೊಡೆದ ಮೇಲೂ ಹತ್ತು ನಿಮಿಷ ಪಾಠ ನಡೆದಿತ್ತು. ಮಾಪಕವೇ ತಪ್ಪಾಗಿದ್ದರೆ ಏನು ಮಾಡುವುದು ಎಂಬ ಪ್ರಶ್ನೆ ಆ ಹತ್ತು ನಿಮಿಷದಲ್ಲಿ ಬಂದದ್ದು. ನಾಲ್ಕೂ ಸಿಲಿಂಡರಿಗೆ ಒಂದೇ ಮಾಪಕ ಬಳಸಿದರೆ ಅದು ಎಲ್ಲದರಲ್ಲೂ ಒಂದೇ ಕಡೆಗೆ ತಪ್ಪುತ್ತದೆ, ಹಾಗಾಗಿ ವ್ಯತ್ಯಾಸವನ್ನು ನಂಬಬಹುದು, ಒಂಟಿ ಸಂಖ್ಯೆಯನ್ನು ಇನ್ನೊಂದು ಮಾಪಕದ ಜೊತೆ ಹೋಲಿಸಿಯೇ ನಂಬಬೇಕು ಎಂದು ಮಕ್ಕಳೇ ವಾದಮಾಡಿ ಅಲ್ಲಿಗೆ ಬಂದು ತಲುಪಿದರು.